ನೂಲಾದ ಲೋಹ



ಮಂಡಿಗಳ ಗದ್ದಲವೂ ರೈಲುಗಾಡಿಯ ಕೂಗೂ ಹಗಲಿರುಳೆನ್ನದೆ ಬೆರೆತು ಕೇಳಿಸುವ ನಮ್ಮ ಯಶವಂತಪುರದಲ್ಲಿ, 1890ರ ದಶಕದಲ್ಲಿ, ರೈಲುಹಾದಿಯ ಕೆಲಸಕ್ಕೆಂದು ನೆಲವನ್ನಗೆಯುತ್ತಿದ್ದವರ ಗುದ್ದಲಿಗೆ ಬೆಳ್ಳಿಯ ನಾಣ್ಯಗಳ ನಿಕ್ಷೇಪವೊಂದು ತಗುಲಿತು. 150ಕ್ಕೂ ಮಿಕ್ಕಿದ್ದ ಆ ನಾಣ್ಯಗಳ ಮೇಲಿದ್ದ ಮುಖಗಳು ಗಂಗರವೂ ಅಲ್ಲ, ಚೋಳರವೂ ಅಲ್ಲ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ರೋಮ್ ಚಕ್ರವರ್ತಿಗಳವು. ಮುಂದೆ 1965ರಲ್ಲಿ ಇದೇ ಬೆಂಗಳೂರು ನಗರದ ವಿಮಾನ ಕಾರ್ಖಾನೆಯ ಆವರಣದಲ್ಲಿ ಅಂತಹುದೇ ಇನ್ನೊಂದು ನಿಕ್ಷೇಪ ಹೊರಬಿದ್ದಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಟೈಬೀರಿಯಸನ ನಾಣ್ಯ ದೊರೆತಿದೆ. ಎರಡು ಸಾವಿರ ವರ್ಷಗಳ ಹಿಂದೆ ಸಮುದ್ರವನ್ನು ದಾಟಿ, ಘಟ್ಟವನ್ನೇರಿ ಬಂದ ಬೆಳ್ಳಿ ನಮ್ಮ ನಾಡಿನ ಮಣ್ಣಿನಲ್ಲಿ ಒಡೆಯನ ಕೈಗೆ ಮರಳಿ ಸಿಕ್ಕದೆಯೇ ಉಳಿದುಹೋಯಿತು.

ಈ ನಾಣ್ಯಗಳ ವಿಚಾರವಾಗಿ ಇತಿಹಾಸಜ್ಞರು ಬೇಕಾದಷ್ಟು ಹೇಳಿದ್ದಾರೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿದಾಗ ಮೃತನಾದ ಹಿರಿಯ ಪ್ಲಿನಿ ಎಂಬ ರೋಮನ್ ವಿದ್ವಾಂಸನು, ಭಾರತದೇಶವೊಂದೇ ವರ್ಷಂಪ್ರತಿ ತಮ್ಮ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಗೊಣಗಿದ್ದನ್ನು ನಮ್ಮ ಶಾಲೆಯ ಪಾಠಗಳಲ್ಲಿಯೂ ಕಾಣಬಹುದು. ಅದೇ ಪ್ಲಿನಿ ಹೇಳುವ ಮತ್ತೊಂದು ಸಂಗತಿ ನನಗೆ ಅದಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ: ಸಿಂಹಳದ ಅರಸನು ರೋಮಿನ ನಾಣ್ಯಗಳನ್ನು ಕಂಡು, ಅವುಗಳ ಮೇಲಿನ ಮುಖಗಳು ಬೇರೆ ಬೇರೆ ದೊರೆಗಳವಾಗಿದ್ದರೂ ತೂಕವು ಮಾತ್ರ ಒಂದೇ ಆಗಿರುವುದಕ್ಕೆ ಮೆಚ್ಚಿ, ಇಂತಹ ಪ್ರಾಮಾಣಿಕ ಜನರ ಸ್ನೇಹವನ್ನು ಬಯಸಿದನಂತೆ. ದೊರೆಯ ಮುಖಕ್ಕಿಂತ ಲೋಹದ ತೂಕವನ್ನು ಮೊದಲು ನೋಡುವುದು ಅಕ್ಕಸಾಲೆಯ ಕಣ್ಣು. ನಾನು ಇಂದು ತಮ್ಮೊಡನೆ ಮಾತನಾಡಹೊರಟಿರುವುದು ಆ ಕಣ್ಣಿನಿಂದ ಕಾಣತಕ್ಕ ವಿಷಯವನ್ನೇ. ಒಂದೊಂದೂ 3.9 ಗ್ರಾಮಿನಷ್ಟು ತೂಗುತ್ತಿದ್ದ, ದೆನಾರಿಯಸ್ ಎಂಬ ಆ ಬೆಳ್ಳಿಯ ನಾಣ್ಯಗಳು ಮುಖವನ್ನು ಹೊತ್ತಿರುವುದರಿಂದ ತಮ್ಮ ಕಾಲವನ್ನೂ ದೇಶವನ್ನೂ ತಾವೇ ಸಾರಿ ಹೇಳುತ್ತವೆ. ಅದೇ ಬೆಳ್ಳಿ, ಅದೇ ಚಿನ್ನ, ಟಂಕಸಾಲೆಯ ಹಾದಿಯನ್ನು ಬಿಟ್ಟು ತಂತಿಯಾಗಿ ಎಳೆಯಲ್ಪಟ್ಟು, ತಿರುಚಿ, ಹೊಸೆದು, ಹೆಣೆಯಲ್ಪಟ್ಟಾಗ ಅದಕ್ಕೆ ಮುಖವಿರುವುದಿಲ್ಲ, ಹೆಸರಿರುವುದಿಲ್ಲ. ಹಳೆಯದಾದೊಡನೆ ಅದನ್ನು ಮೂಸೆಗೆ ಹಾಕುತ್ತಾರೆ. ಆದುದರಿಂದ ಪ್ರಾಚೀನರು ದಿನದಿನವೂ ಬಳಸುತ್ತಿದ್ದ ತಂತಿಯಲ್ಲಿ ನಮ್ಮ ಕೈಗೆ ಬಂದಿರುವುದು ಅತ್ಯಲ್ಪ.

ಮೊದಲು ತಂತಿಯ ಜನ್ಮವೃತ್ತಾಂತ. ನಮ್ಮ ಅಕ್ಕಸಾಲೆಯರ ಮನೆಯಲ್ಲಿ ಕಂಬಚ್ಚು ಎಂಬ ಉಕ್ಕಿನ ಪಟ್ಟಿಯುಂಟು. ಅದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ರಂಧ್ರಗಳ ಸಾಲು. ಬೆಳ್ಳಿಯ ಕಡ್ಡಿಯ ತುದಿಯನ್ನು ಅರದಿಂದ ಚೂಪುಮಾಡಿ, ರಂಧ್ರದೊಳಗೆ ತೂರಿಸಿ, ಆಚೆಯಿಂದ ಇಕ್ಕುಳದಲ್ಲಿ ಹಿಡಿದೆಳೆದರೆ ಕಡ್ಡಿ ಸಣ್ಣದಾಗಿ ಉದ್ದವಾಗುತ್ತದೆ. ನಾಲ್ಕಾರು ರಂಧ್ರಗಳನ್ನು ದಾಟುವಷ್ಟರಲ್ಲಿ ಲೋಹವು ಗಡಸೇರಿ ಮುರಿಯುವ ಹಂತಕ್ಕೆ ಬರುವುದರಿಂದ, ಅದನ್ನು ಮತ್ತೆ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಂಡು ಮುಂದಿನ ರಂಧ್ರಕ್ಕೆ ಹೋಗಬೇಕು. ಚಿನ್ನದ ಸಹನಶೀಲತೆ ಎಷ್ಟೆಂದರೆ, ಒಂದೇ ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರಿಗೂ ಮೀರಿ ಎಳೆಯಬಹುದು. ಇದಿಷ್ಟೂ ನಮಗೆ ಅತಿ ಸಹಜವಾಗಿ ಕಾಣುವ ಕ್ರಮ. ಆದರೆ ರೋಮಿನ ಅಕ್ಕಸಾಲೆಯು ಈ ರಂಧ್ರದ ಯುಕ್ತಿಯನ್ನು ಬಲ್ಲವನಾಗಿದ್ದನೇ ಎಂಬುದು ಇಂದಿಗೂ ಪಂಡಿತರ ಚರ್ಚೆಗೆ ವಿಷಯವಾಗಿದೆ; ಅವನ ಕೈಕೆಲಸದಲ್ಲಿ ಉಳಿದುಬಂದಿರುವ ಆಭರಣಗಳ ತಂತಿಯಲ್ಲಿ ಬಹುಭಾಗವು ಬೇರೊಂದು ವಿಧಾನದ್ದು.

ಆ ವಿಧಾನವು ಹೀಗೆ: ಚಿನ್ನವನ್ನು ಬಡಿದು ತೆಳುತಗಡು ಮಾಡಿ, ಅದರಿಂದ ಒಂದು ಸಪೂರವಾದ ಪಟ್ಟಿಯನ್ನು ಕತ್ತರಿಸಿ, ನಮ್ಮ ಹಳ್ಳಿಯ ಹುಡುಗರು ತೆಂಗಿನ ಗರಿಯನ್ನು ಸುರುಳಿ ಸುತ್ತಿ ಪೀಪಿ ಮಾಡಿಕೊಳ್ಳುವಂತೆ ಆ ಪಟ್ಟಿಯನ್ನು ತಿರುಚುತ್ತ ಹೋಗಿ, ಎರಡು ನುಣುಪಾದ ಹಲಗೆಗಳ ನಡುವೆ ಇಟ್ಟು ಹೊರಳಿಸಿದರೆ ಪಟ್ಟಿಯು ದುಂಡನೆಯ ತಂತಿಯಾಗುತ್ತದೆ. ಇಲ್ಲವೇ ಚೌಕನೆಯ ಸಣ್ಣ ಸಲಾಕೆಯೊಂದನ್ನು ಬಿಗಿಯಾಗಿ ತಿರುಚಿ, ಅದರ ಏಣುಗಳನ್ನು ಹೊರಳಿಸಿ ಹೊರಳಿಸಿ ಸಮಮಾಡುವುದೂ ಉಂಟು. ಕಣ್ಣಿಗೆ ಈ ತಂತಿಗೂ ಕಂಬಚ್ಚಿನ ತಂತಿಗೂ ಭೇದ ಕಾಣದು. ಭೂತಗನ್ನಡಿಯನ್ನು ಹಿಡಿದರೆ ಗುಟ್ಟು ಬಯಲಾಗುತ್ತದೆ: ಕಂಬಚ್ಚಿನಲ್ಲಿ ಎಳೆದದ್ದಕ್ಕೆ ಉದ್ದುದ್ದವಾದ ನೇರಗೀರುಗಳು, ತಿರುಚಿ ಮಾಡಿದ್ದಕ್ಕೆ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುವ ಸೀಳುಗೆರೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯದೆಂದು ಹೇಳಿಕೊಂಡು ಬಂದ ಎಷ್ಟೋ ಆಭರಣಗಳ ಕೃತ್ರಿಮತೆ ಬಯಲಾದದ್ದು ಈ ಗೀರುಗಳ ದೆಸೆಯಿಂದ.

ಇಂತಹ ತಂತಿಯಿಂದ ರೋಮನರು ಮಾಡಿಕೊಳ್ಳದ ವಸ್ತುವಿಲ್ಲ. ಹೊಲಿಗೆಯಿಲ್ಲದ ಮೇಲುವಸ್ತ್ರವನ್ನು ಹೆಗಲಮೇಲೆ ನಿಲ್ಲಿಸಲು ಅವರು ಬಳಸುತ್ತಿದ್ದ ಫಿಬುಲಾ ಎಂಬ ಕೊಂಡಿಯ ಸರಳ ರೂಪವು ಒಂದೇ ಕಂಚಿನ ತಂತಿಯದು. ನಡುವೆ ಎರಡು ಮೂರು ಸುತ್ತು ಸುರುಳಿ, ಅದೇ ಅದರ ಸ್ಪ್ರಿಂಗು. ಅಮೆರಿಕದ ವಾಲ್ಟರ್ ಹಂಟನು 1849ರಲ್ಲಿ ಸನ್ನದು ಪಡೆದ ಪಿನ್ನು, ನಮ್ಮ ಹೆಂಗಸರು ಬಳೆಗೆ ಸಿಕ್ಕಿಸಿಕೊಂಡು ಓಡಾಡುವ ಆ ಪಿನ್ನು, ಈ ಕೊಂಡಿಯ ಮರಿಮಗುವೇ ಸರಿ. ಪಾಂಪೇಯಿಯ ಗೋಡೆಯಿಂದ ಬಿಡಿಸಿ ನೇಪಲ್ಸಿನ ಸಂಗ್ರಹಾಲಯದಲ್ಲಿಟ್ಟಿರುವ ಪ್ರಸಿದ್ಧ ಚಿತ್ರವೊಂದರಲ್ಲಿ, ಲೇಖನಿಯನ್ನು ತುಟಿಗೆ ತಾಗಿಸಿ ಯೋಚಿಸುತ್ತಿರುವ ಯುವತಿಯ ಮುಡಿಯ ಮೇಲೆ ಚಿನ್ನದ ಜಾಲರಿಯಿದೆ. ಸೈನಿಕರ ಕವಚವು ಕಬ್ಬಿಣದ ಉಂಗುರಗಳ ನೆಯ್ಗೆ. ಒಂದೊಂದು ಉಂಗುರವೂ ಸುತ್ತಲಿನ ನಾಲ್ಕು ಉಂಗುರಗಳನ್ನು ಹಿಡಿದಿರುತ್ತಿತ್ತು. ರೋಮನರು ಅದನ್ನು ಕಲಿತದ್ದು ಗಾಲ್ ದೇಶದವರಿಂದ ಎಂದು ವರೊ ಎಂಬ ಅವರದೇ ಪಂಡಿತನು ಒಪ್ಪಿಕೊಂಡಿದ್ದಾನೆ.

ಎಲ್ಲಕ್ಕಿಂತ ವಿಚಿತ್ರವಾದ ಬಳಕೆಯೊಂದು ಕಾನೂನಿನ ಪುಸ್ತಕದಲ್ಲಿದೆ. ಕ್ರಿಸ್ತಪೂರ್ವ 450ರ ಸುಮಾರಿನಲ್ಲಿ ರೋಮನರು ಹನ್ನೆರಡು ಫಲಕಗಳ ಮೇಲೆ ತಮ್ಮ ಮೊದಲ ಶಾಸನಗಳನ್ನು ಬರೆಸಿದರಷ್ಟೆ. ಅದರಲ್ಲಿ ಉತ್ತರಕ್ರಿಯೆಯ ದುಂದನ್ನು ತಡೆಯುವುದಕ್ಕಾಗಿ, ಶವದೊಡನೆ ಚಿನ್ನವನ್ನಿಡಕೂಡದೆಂದು ವಿಧಿಸಿ, ಕೂಡಲೇ ಒಂದು ವಿನಾಯಿತಿಯನ್ನು ಸೇರಿಸಿದ್ದಾರೆ: ಮೃತನ ಹಲ್ಲುಗಳನ್ನು ಚಿನ್ನದಿಂದ ಕಟ್ಟಿದ್ದರೆ ಅದರೊಡನೆ ಹೂಳುವುದಾಗಲಿ ಸುಡುವುದಾಗಲಿ ಅಪರಾಧವಲ್ಲ. ಸಡಿಲವಾದ ಹಲ್ಲನ್ನು ಪಕ್ಕದ ಹಲ್ಲಿಗೆ ಚಿನ್ನದ ಎಳೆಯಿಂದಲೋ ಪಟ್ಟಿಯಿಂದಲೋ ಬಿಗಿಯುವ ವಿದ್ಯೆಯನ್ನು ಅವರ ನೆರೆಯ ಎಟ್ರುಸ್ಕನರು ಬಲ್ಲವರಾಗಿದ್ದರು. ಸತ್ತವನ ಬಾಯಿಂದ ತಂತಿಯನ್ನು ಕೀಳುವ ನಂಟರಿಂದ ಶವವನ್ನು ಕಾಪಾಡಿದ ಆ ಶಾಸನಕರ್ತರಿಗೆ ಲೋಕಾನುಭವವು ಚೆನ್ನಾಗಿಯೇ ಇದ್ದಿರಬೇಕು.

ಕೊರಳ ಸರದ ವಿಷಯಕ್ಕೆ ಬರುತ್ತೇನೆ. ನನ್ನ ಎಣಿಕೆಯಲ್ಲಿ ರೋಮನರ ತಂತಿಗೆಲಸದ ಶಿಖರವದು. ನಾವು ಸಾಮಾನ್ಯವಾಗಿ ಸರಪಳಿಯೆಂದರೆ ಒಂದರ ಮುಂದೊಂದು ಕೋದ ಕೊಂಡಿಗಳೆಂದು ಭಾವಿಸುತ್ತೇವೆ. ಅವರ ಉತ್ತಮ ಸರವು ಹಾಗಲ್ಲ. ಪ್ರತಿಯೊಂದು ಸಣ್ಣ ಉಂಗುರವನ್ನೂ ಮೊದಲೇ ಬೆಸೆದು, ಅದನ್ನು ಎಳೆದು ನೀಳಮಾಡಿ, ನಡುವೆ ಮಡಿಸಿ, ಮಡಿಕೆಯ ಎರಡು ಕಿವಿಗಳೊಳಗಿಂದ ಮುಂದಿನ ಉಂಗುರವನ್ನು ಹಾಯಿಸಿ ಅದನ್ನೂ ಮಡಿಸುವುದು. ಹೀಗೆ ಅಡ್ಡಕ್ಕೂ ನೀಟಕ್ಕೂ ಎರಡು ಸಾಲುಗಳನ್ನು ಒಟ್ಟಿಗೆ ನಡೆಸಿದರೆ, ಬೆಸುಗೆಯ ಗುರುತಾಗಲಿ ಕೊಂಡಿಯ ಸಂದಾಗಲಿ ಕಾಣದೆ, ರೇಷ್ಮೆಯ ಹುರಿಯಂತೆ ಬಳುಕುವ ಸರವು ಸಿದ್ಧವಾಗುತ್ತದೆ. ಇದರ ಒಳಗುಟ್ಟನ್ನು ತಿಳಿಯಬಯಸುವವರು ನೇಪಲ್ಸಿಗೆ ಹೋಗಬೇಕಾದ್ದಿಲ್ಲ. ಮನೆಯ ಮಗುವಿನ ಸೊಂಟದ ಬೆಳ್ಳಿಯ ಉಡಿದಾರವನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಹೆಣಿಗೆಯ ಕ್ರಮದಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ತತ್ತ್ವವು ಅದೇ: ಕುಣಿಕೆಯೊಳಗೆ ಕುಣಿಕೆ, ಹಿಂದಿನದು ಮುಂದಿನದನ್ನು ಹಿಡಿದಿರುವುದು. ಮಗುವು ಹೊರಳಲಿ, ತೆವಳಲಿ, ಅದು ಚರ್ಮವನ್ನು ಒತ್ತುವುದಿಲ್ಲ. ನೆರೆಯ ತಿರುಚಿನಾಪಳ್ಳಿಯ ಅಕ್ಕಸಾಲೆಯರು ಹೆಣೆಯುತ್ತಿದ್ದ ಬೆಳ್ಳಿಯ ಸರಗಳ ಕೀರ್ತಿಯು ಇಂಗ್ಲೆಂಡಿನವರೆಗೆ ಹಬ್ಬಿದ್ದಿತಾಗಿ, ಅಲ್ಲಿನ ಪುರಾತತ್ತ್ವಜ್ಞರು ತಮ್ಮ ಕಾರ್ನ್‌ವಾಲ್ ಪ್ರಾಂತದಲ್ಲಿ 1774ರಲ್ಲಿ ಸಿಕ್ಕಿದ ಪ್ರಾಚೀನ ಬೆಳ್ಳಿಯ ಹೆಣಿಗೆಯನ್ನು ವರ್ಣಿಸುವಾಗಲೂ ತಿರುಚಿನಾಪಳ್ಳಿಯ ಹೆಸರನ್ನೇ ಹಿಡಿದರು.

ನಮ್ಮವರ ಈ ವಿದ್ಯೆಯು ಎಷ್ಟು ಹಳೆಯದೆಂದು ಕೇಳುವವರಿಗೆ ಸಾಕ್ಷಿಯನ್ನು ಒದಗಿಸಿಕೊಟ್ಟ ಪುಣ್ಯವು ಮೈಸೂರಿನದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಡಾ. ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಚಿನ್ನದ ಕೆಲಸವನ್ನು ಕ್ಷೇಪಣ, ಗುಣ, ಕ್ಷುದ್ರಕ ಎಂದು ಮೂರಾಗಿ ವಿಂಗಡಿಸಿ, ಹರಳನ್ನು ಕೂರಿಸುವುದು ಮೊದಲನೆಯದು, ಎಳೆಯನ್ನು ಮಾಡಿ ಹೆಣೆಯುವುದು ಎರಡನೆಯದು, ಗಟ್ಟಿಯಾಗಿಯೋ ಪೊಳ್ಳಾಗಿಯೋ ಗುಂಡುಗಳನ್ನು ಮಾಡುವುದು ಮೂರನೆಯದು ಎಂದು ಹೇಳುತ್ತದೆ. ತಂತಿಗೆಲಸಕ್ಕೆ ಪ್ರತ್ಯೇಕವಾದ ಒಂದು ವರ್ಗವನ್ನೇ ಕೊಟ್ಟ ಮೇಲೆ, ಅದನ್ನು ಮಾಡತಕ್ಕ ಜನವೂ ಅದರಲ್ಲಿ ಕದಿಯತಕ್ಕ ಜನವೂ ಸಾಕಷ್ಟಿದ್ದರೆಂದು ತಿಳಿಯಬೇಕು. ಕೌಟಿಲ್ಯನು ಈ ಕದಿಯುವವರ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿಯೇ ಬರೆದಿದ್ದಾನೆ. ಇನ್ನು ಬೀದರಿನ ಕುಶಲಿಗಳು ತವರ ಬಣ್ಣದ ಸತುವಿನ ಪಾತ್ರೆಯಲ್ಲಿ ಗೀರು ತೆಗೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿ ಪಾತ್ರೆಯ ಮೈಯನ್ನು ಕಪ್ಪಾಗಿಸುವ ಬಿದರಿ ಕಲೆಯೂ ತಂತಿಯ ಚರಿತ್ರೆಗೆ ಸೇರಿದ್ದೇ. ಅದನ್ನು ಹೇಳಹೊರಟರೆ ಇಂದಿನ ವೇಳೆ ಸಾಲದು.

ಹೊಸೆದ ತಂತಿಗೆ ಇನ್ನೊಂದು ಗುಣವುಂಟು, ಅದು ಬಲ. ಪಾಂಪೇಯಿಯ ಬೂದಿಯಡಿಯಿಂದ ಕಂಚಿನ ತಂತಿಗಳನ್ನು ಹುರಿಮಾಡಿದ ಹಗ್ಗದ ತುಂಡೊಂದು ಸಿಕ್ಕಿತೆಂದು 19ನೆಯ ಶತಮಾನದ ಇಂಜಿನಿಯರುಗಳು ತಮ್ಮ ಗ್ರಂಥಗಳಲ್ಲಿ ಬೆರಗಿನಿಂದ ಬರೆದಿದ್ದಾರೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಹೊರೆಯು ಬಿದ್ದುಹೋಗುತ್ತದೆ. ಹುರಿಯಲ್ಲಿ ಒಂದೆಳೆ ತುಂಡಾದರೆ ಉಳಿದವು ಅದನ್ನು ಅಪ್ಪಿ ಹಿಡಿದು, ಕಾವಲುಗಾರನಿಗೆ ಎಚ್ಚರಿಕೆಯನ್ನೂ ಕೊಟ್ಟು, ಹೊರೆಯನ್ನು ತಾಳಿಕೊಳ್ಳುತ್ತವೆ. ಇಷ್ಟು ಸರಳವಾದ ಸತ್ಯವನ್ನು ಯೂರೋಪು ಮರೆತು, 1834ರಲ್ಲಿ ಜರ್ಮನಿಯ ಹಾರ್ಟ್ಸ್ ಪರ್ವತದ ಗಣಿಯೊಂದರಲ್ಲಿ ವಿಲ್ಹೆಲ್ಮ್ ಆಲ್ಬರ್ಟನು ಕಬ್ಬಿಣದ ತಂತಿಯ ಹಗ್ಗವನ್ನು ಹೊಸೆಯುವವರೆಗೂ ಗಣಿಗಳಲ್ಲಿ ಸೆಣಬಿನ ಹಗ್ಗವನ್ನೂ ಸರಪಳಿಯನ್ನೂ ನಂಬಿಕೊಂಡಿದ್ದಿತು. ಮುಂದೆ ನಮ್ಮ ಕೋಲಾರದ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫಿನಲ್ಲಿ, ಮನುಷ್ಯರನ್ನು ಇಳಿಸಿದ್ದೂ ಅದಿರನ್ನು ಮೇಲಕ್ಕೆತ್ತಿದ್ದೂ ಉಕ್ಕಿನ ತಂತಿಯ ಹುರಿಯೇ.

ಕೋಲಾರದಿಂದ ಚನ್ನಪಟ್ಟಣಕ್ಕೆ ಬಂದರೆ ತಂತಿಯು ಹೊರೆಯನ್ನು ಬಿಟ್ಟು ಹಾಡಲು ತೊಡಗುತ್ತದೆ. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಚನ್ನಪಟ್ಟಣದಲ್ಲಿ ಕಂಡ ಉದ್ಯಮಗಳಲ್ಲಿ ಸಂಗೀತವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನೆಳೆಯುವುದೂ ಒಂದು. ಅಲ್ಲಿಯ ತಂತಿಗೆ ಬಹಳ ಬೆಲೆಯುಂಟೆಂದೂ ಅದು ಇಂಡಿಯಾದ ದೂರದ ಮೂಲೆಗಳಿಗೆ ಹೋಗುತ್ತದೆಂದೂ ಅವನು ಬರೆದಿಟ್ಟಿದ್ದಾನೆ. ಇಂದು ಚನ್ನಪಟ್ಟಣವೆಂದರೆ ಎಲ್ಲರಿಗೂ ಬಣ್ಣದ ಮರದ ಬೊಂಬೆಯ ನೆನಪು. ಯಾವ ಯಾವ ಊರಿನ ವೀಣೆಗಳಲ್ಲಿ ಚನ್ನಪಟ್ಟಣದ ಉಕ್ಕು ನುಡಿದಿತ್ತೋ ಬಲ್ಲವರಾರು! ಪ್ರಾಚೀನ ರೋಮಿನವರ ತಂತೀವಾದ್ಯಗಳಿಗೆ ಕರುಳಿನ ಎಳೆಯೇ ಗತಿಯಾಗಿದ್ದುದರಿಂದ, ಅಲಂಕಾರದಲ್ಲಿ ಅಷ್ಟು ಮುಂದುವರಿದ ಆ ಜನಕ್ಕೆ ಲೋಹದ ನಾದವು ದೊರೆಯಲಿಲ್ಲವೆಂದು ನಾನು ಸ್ವಲ್ಪ ಅಭಿಮಾನದಿಂದಲೇ ಹೇಳುತ್ತೇನೆ. ನಾದದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವವರ ಕಣ್ಣಿಗೆ ಬಯಲಿನಲ್ಲಿ ಎತ್ತರವಾದ ಕಂಬಗಳೂ ಅವುಗಳ ನಡುವೆ ಪರದೆಯಂತೆ ಇಳಿಬಿಟ್ಟ ತಂತಿಗಳೂ ಬಿದ್ದಿರಬಹುದು. ಆಕಾಶವಾಣಿಯು ಹ್ರಸ್ವತರಂಗಗಳಲ್ಲಿ ದೇಶಾಂತರಗಳಿಗೆ ಮಾತನ್ನು ಕಳುಹಿಸಲು ನೆಟ್ಟ ನೆಯ್ಗೆಯದು.

ಇನ್ನು ಬಟ್ಟೆ. ಕ್ರಿಸ್ತಶಕ 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯು ಫ್ಯೂಸಿನಸ್ ಸರೋವರದಲ್ಲಿ ಕೃತಕ ನೌಕಾಯುದ್ಧವೊಂದನ್ನು ಏರ್ಪಡಿಸಿದಾಗ, ಅವನ ಪಕ್ಕದಲ್ಲಿ ಕುಳಿತಿದ್ದ ರಾಣಿ ಅಗ್ರಿಪ್ಪಿನಾ ಹೊದ್ದಿದ್ದ ಮೇಲಂಗಿಯು ಬೇರಾವ ನೂಲೂ ಬೆರೆಯದ ಶುದ್ಧ ಚಿನ್ನದ ನೆಯ್ಗೆಯಾಗಿತ್ತೆಂದು ಪ್ಲಿನಿ ಕಣ್ಣಾರೆ ಕಂಡವನಾಗಿ ಹೇಳುತ್ತಾನೆ. ಯಶವಂತಪುರದ ನಾಣ್ಯಗಳ ಮೇಲಿನ ಅದೇ ಕ್ಲಾಡಿಯಸ್. ಹೇಳಿಕೇಳಿ ಚಕ್ರವರ್ತಿನಿ, ಭಾರವನ್ನು ಹೊರುವುದು ಅವಳಿಗೆ ಅಭ್ಯಾಸವಿದ್ದಿರಬಹುದು. ಆದರೆ ಕುಶಲಿಯ ದೃಷ್ಟಿಯಿಂದ ನೋಡಿದರೆ ಬರಿಯ ಚಿನ್ನದ ಬಟ್ಟೆಯು ಬುದ್ಧಿವಂತಿಕೆಯ ಕೆಲಸವಲ್ಲ. ಅದು ಮಡಿಸಿದಲ್ಲಿ ಮುರಿಯುತ್ತದೆ, ತೊಟ್ಟಲ್ಲಿ ಕೊರೆಯುತ್ತದೆ. ಬೈಬಲ್ಲಿನ ವಿಮೋಚನಕಾಂಡದಲ್ಲಿಯೇ ಯಾಜಕನ ಉಡುಪಿಗಾಗಿ ಚಿನ್ನದ ತಗಡನ್ನು ಬಡಿದು, ಎಳೆಗಳಾಗಿ ಕತ್ತರಿಸಿ, ಬಣ್ಣದ ನೂಲಿನೊಡನೆ ಸೇರಿಸಿ ನೇಯ್ದರೆಂಬ ಮಾತಿದೆ. ರೋಮ್ ಸಾಮ್ರಾಜ್ಯದ ಸಮಾಧಿಗಳಲ್ಲಿ ಸಿಕ್ಕಿರುವ ಚಿನ್ನದೆಳೆಗಳು ಬಹುಮಟ್ಟಿಗೆ ಅದಕ್ಕಿಂತಲೂ ಮುಂದಿನ ಹೆಜ್ಜೆಯನ್ನಿಟ್ಟವು: ಅರ್ಧ ಮಿಲಿಮೀಟರಿಗಿಂತ ಕಿರಿದಾದ ಚಿನ್ನದ ಪಟ್ಟಿಯನ್ನು ರೇಷ್ಮೆಯದೋ ಇನ್ನೊಂದರದೋ ನೂಲಿನ ಸುತ್ತ ಸುರುಳಿ ಸುತ್ತಿದವು. ಒಳಗಿನ ನೂಲು ಮಣ್ಣಾಗಿ, ಚಿನ್ನದ ಸುರುಳಿ ಮಾತ್ರ ಬರಿದಾಗಿ ನಿಂತಿದೆ.

ಇದೇ ನಮ್ಮ ಸರಿಗೆಯ ತತ್ತ್ವ. ಬೆಳ್ಳಿಯನ್ನು ಕೂದಲಿಗಿಂತ ಸಣ್ಣಗೆ ಎಳೆದು, ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡಿ, ಬಣ್ಣ ಕಟ್ಟಿದ ರೇಷ್ಮೆಯ ಎಳೆಗೆ ಸಂದಿಲ್ಲದಂತೆ ಸುತ್ತಿ, ಮೇಲೆ ಚಿನ್ನದ ನೀರನ್ನು ಕೊಟ್ಟರೆ ಸರಿಗೆ. ಅದರ ಒಳಗೆ ರೇಷ್ಮೆಯ ಮೃದುತ್ವ, ನಡುವೆ ಬೆಳ್ಳಿಯ ಕಟ್ಟು, ಹೊರಗೆ ಚಿನ್ನದ ಕಾಂತಿ. ಮೂರೂ ತಮ್ಮ ತಮ್ಮ ಕೆಲಸವನ್ನು ಮಾಡುತ್ತವೆ, ಒಂದು ಇನ್ನೊಂದರ ಹೊರೆಯಾಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಸ್ಥಾಪಿಸಿದ ರೇಷ್ಮೆ ಕಾರ್ಖಾನೆಯ ಸೀರೆಗಳ ಸರಿಗೆಯಲ್ಲಿ ಬೆಳ್ಳಿಯು ನೂರಕ್ಕೆ 65 ಪಾಲೂ ಚಿನ್ನವು 0.65 ಪಾಲೂ ಇರುತ್ತದೆಂದು ಅದನ್ನು ನಡೆಸುವ ನಿಗಮವು ಹೇಳುತ್ತದೆ. ನೂರಕ್ಕೆ ಒಂದು ಪಾಲೂ ಇಲ್ಲದ ಚಿನ್ನವು ಇಡೀ ಅಂಚನ್ನು ಬೆಳಗುವುದೆಂದರೆ, ಅಗ್ರಿಪ್ಪಿನೆಯ ನೇಕಾರನು ಇದನ್ನು ನೋಡಿ ನಾಚಬೇಕು.

ಯಲಹಂಕದ ಹಳೆಯ ಬೀದಿಗಳಲ್ಲಿಯೂ ಅದರಾಚೆಯ ದೊಡ್ಡಬಳ್ಳಾಪುರದಲ್ಲಿಯೂ ಮಗ್ಗದ ಸದ್ದು ರಸ್ತೆಗೆ ಕೇಳಿಸುತ್ತದೆ. ಹಾಸಿನ ರೇಷ್ಮೆಯ ನಡುವೆ ಲಾಳಿಯು ಓಡಿ ಹೊಕ್ಕನ್ನು ಹಾಯಿಸುವಾಗ ಅಂಚಿನಲ್ಲೂ ಸೆರಗಿನಲ್ಲೂ ಸರಿಗೆಯು ಸೇರಿಕೊಳ್ಳುತ್ತದೆ. ರೇಷ್ಮೆಯು ಕಡಿದರೆ ಗಂಟು ಹಾಕಿ ಮುಂದುವರಿಯುವ ನೇಕಾರನು ಸರಿಗೆ ಕಡಿದಾಗ ಮಗ್ಗವನ್ನು ನಿಲ್ಲಿಸಿ ಒಂದು ಕ್ಷಣ ನೋಡುತ್ತಾನೆ. ಸರಿಗೆಯ ಗಂಟು ಸೀರೆಯ ಮೇಲೆ ಮುಳ್ಳಿನಂತೆ ನಿಲ್ಲುತ್ತದೆ. ಸೂರತ್ತಿನಿಂದ ಬರುವ ಸರಿಗೆಯಲ್ಲಿ ಈಗ ಬೆಳ್ಳಿಯ ಬದಲು ತಾಮ್ರ, ತಾಮ್ರದ ಬದಲು ಪ್ಲಾಸ್ಟಿಕ್ಕಿನ ತೆಳುಪಟ್ಟಿ, ರೇಷ್ಮೆಯ ಬದಲು ಪಾಲಿಯೆಸ್ಟರು ಸೇರಿಕೊಂಡಿವೆ. ಕೊಳ್ಳುವವರ ಕೈಗೆ ಎಟುಕುವ ಬೆಲೆಯಿರಬೇಕಾದರೆ ಬೇರೆ ದಾರಿಯಿಲ್ಲವೆಂದು ಮಗ್ಗದವರು ಹೇಳುವುದನ್ನು ಅಲ್ಲಗಳೆಯುವಂತಿಲ್ಲ. ಅಂತಹುದನ್ನು ಚಿನ್ನದ ಸರಿಗೆಯೆಂದು ಮಾರುವ ಅಂಗಡಿಯವನದು ಮಾತ್ರ ಬೇರೆಯ ಮಾತು.

ಸರಿಗೆಯ ಕೊನೆಯೂ ತಂತಿಯ ಕುಲಧರ್ಮಕ್ಕೆ ತಕ್ಕದ್ದೇ. ರೋಮಿನಲ್ಲಿ ಸಂತ ಪೀಟರನ ದೇವಾಲಯವನ್ನು ಹೊಸದಾಗಿ ಕಟ್ಟುತ್ತಿದ್ದಾಗ, 1544ರಲ್ಲಿ, ಹೊನೋರಿಯಸ್ ಚಕ್ರವರ್ತಿಯ ರಾಣಿ ಮಾರಿಯಾಳ ಸಮಾಧಿಯು ಅಗೆತದಲ್ಲಿ ತೆರೆದುಕೊಂಡಿತು. ಸಾವಿರ ವರ್ಷಕ್ಕೂ ಮಿಗಿಲಾಗಿ ಅವಳ ಮೈಮೇಲಿದ್ದ ಜರತಾರಿ ವಸ್ತ್ರವನ್ನು ಆಗ ಕಂಡವರು ಮಾಡಿದ್ದೇನು? ಕರಗಿಸಿ ತೂಗಿದರು. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಸಾವಿರ ವರ್ಷ ಕಾಯುವುದಿಲ್ಲ. ಆರ್. ಟಿ. ನಗರದ ಅಡ್ಡರಸ್ತೆಗಳಲ್ಲಿಯೂ ಹೆಬ್ಬಾಳದ ಮನೆಗಳ ಮುಂದೆಯೂ, ಹಳೆಯ ರೇಷ್ಮೆಸೀರೆ, ಹಳೆಯ ಜರಿ ಎಂದು ಕೂಗುತ್ತ ಹೋಗುವ ವ್ಯಾಪಾರಿಯ ದನಿಯನ್ನು ತಾವೂ ಕೇಳಿರುತ್ತೀರಿ. ಗೃಹಿಣಿಯು ಪೆಟ್ಟಿಗೆಯ ತಳದಿಂದ ಅತ್ತೆಯ ಕಾಲದ ಪಿಸಿದ ಸೀರೆಯನ್ನು ತಂದು ಜಗಲಿಯ ಮೇಲಿಟ್ಟರೆ, ಅವನು ಬಣ್ಣವನ್ನೂ ಬುಟ್ಟಾವನ್ನೂ ನೋಡುವುದಿಲ್ಲ. ಅಂಚಿನ ಒಂದೆಳೆಯನ್ನು ಕಿತ್ತು, ಒರೆಗಲ್ಲಿಗೆ ಉಜ್ಜಿ, ಬಿಳುಪೇ ಕೆಂಪೇ ಎಂದು ನೋಡುತ್ತಾನೆ. ಬಿಳುಪು ಬಂದರೆ ಚೌಕಾಶಿ ಆರಂಭವಾಗುತ್ತದೆ. ಸೀರೆಯು ಅವನ ಮೂಟೆಯನ್ನು ಸೇರಿ, ಮುಂದೆಲ್ಲಿಯೋ ಬೆಂಕಿಯಲ್ಲಿ ರೇಷ್ಮೆ ಉರಿದುಹೋಗಿ, ಬೂದಿಯಲ್ಲಿ ಬೆಳ್ಳಿಯು ಉಳಿಯುತ್ತದೆ. ಕೆಂಪಗೆ ತಾಮ್ರ ಕಂಡರೆ, “ಇದು ನಡೆಯೋದಿಲ್ಲ ತಾಯಿ, ನೀವೇ ಇಟ್ಕೊಳ್ಳಿ” ಎಂದು ಮಡಿಸಿ ಹಿಂದಕ್ಕೆ ಕೊಟ್ಟು, ಪಕ್ಕದ ಮನೆಯ ಗೇಟನ್ನು ತಟ್ಟುತ್ತಾನೆ.